ಕೌದಿಯ ಮೂಲೆಯ ಅರಿಶಿನ ಕೊಂಬು

ನನಗೆ ಸಿಟ್ಟು ಬೇಗ ಬರುತ್ತದೆ. ಇದು ನಮ್ಮ ಮನೆತನದ ರೋಗ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸಲು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಮೊದಲು ನನ್ನ ಮೂಗು ಕೆಂಪಾಗಿದೆಯೋ ಇಲ್ಲವೋ ನೋಡಿ ಆಮೇಲೆ ಪುಸ್ತಕ ತೆರೆಯುತ್ತಾರೆ. ಸಿಟ್ಟು ಇದ್ದವರಿಗೆ ಹೆದರಿಕೆ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಅದು ಸುಳ್ಳೆಂದು ತೋರಿಸಿದ್ದು ಒಂದು ಫೋಟೋ. ಅದೂ ಹಾಡುಹಗಲಲ್ಲಿ, ಸ್ಟಾಫ್ ರೂಮಿನಲ್ಲಿ, ಕೈಯಲ್ಲಿ ಚಹಾದ ಕಪ್ಪು ಹಿಡಿದು ಕೂತಿದ್ದಾಗ.

ಫೋಟೋ ತೋರಿಸಿದವರು ನಮ್ಮ ಶಾಲೆಯ ಚಿತ್ರಕಲಾ ಮಾಸ್ತರರು. ಅವರಿಗೊಂದು ಹುಚ್ಚು. ಪೇಪರಿನ ಮೂಲೆಯಲ್ಲಿ ‘ಅಪರಿಚಿತ ಶವ ಪತ್ತೆ’ ಎಂದು ನಾಲ್ಕು ಸಾಲು ಬರುತ್ತದಲ್ಲ, ಅದನ್ನು ಕತ್ತರಿಸಿ ಇಡುತ್ತಾರೆ. ಠಾಣೆಯಲ್ಲಿ ಪರಿಚಯ ಇದ್ದರೆ ಫೋಟೋ ಕೇಳಿ ಪಡೆದು, ಸತ್ತವರು ಬದುಕಿದ್ದಾಗ ಹೇಗಿದ್ದಿರಬಹುದು ಎಂದು ಮುಖ ಬರೆದು, ಫೋನಿನಲ್ಲಿ ಹತ್ತೂರಿಗೆ ಕಳಿಸುತ್ತಾರೆ. ಹಾಗೆ ಒಮ್ಮೆ ಒಬ್ಬ ಮುದುಕನ ಮಕ್ಕಳು ಸಿಕ್ಕಿದ್ದರು. ಅಂದಿನಿಂದ ಹುಚ್ಚು ಇನ್ನಷ್ಟು ಏರಿತ್ತು.

“ಬದುಕಿದ್ದ ಹುಡುಗ್ರಿಗೆ ಚಿತ್ರ ಕಲಸೂದು ಬಿಟ್ಟು ಸತ್ತವರ ಬೆನ್ನ ಯಾಕ ಹತ್ತೀರಿ ಮಾಸ್ತರ?” ಎಂದು ನಾನು ಕಾಡುತ್ತಿದ್ದೆ.

“ಬದುಕಿದ್ದವರಿಗೆ ಹೆಸರು ಅದಾವಲ್ರಿ ಬಾಯಾರ,” ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯ ಹೆಣ್ಣುಮಕ್ಕಳನ್ನು ಬಾಯಾರು ಎಂದೇ ಕರೆಯುವುದು.

ಅವತ್ತು ಅವರು ತಂದದ್ದು ಏಳೆಂಟು ವರ್ಷದ ಹಿಂದಿನ ಪ್ರಕರಣ. ರಾಯಬಾಗದ ಕಡೆ ಕಾಲುವೆಯ ನೀರು ನಿಲ್ಲಿಸಿದಾಗ ಕೆಸರಿನಲ್ಲಿ ಒಂದು ಗಂಟು ಸಿಕ್ಕಿತ್ತು. ಕೌದಿಯಲ್ಲಿ ಸುತ್ತಿದ ಹೆಂಗಸಿನ ಹೆಣ. ತಲೆಗೆ ಪೆಟ್ಟು ಬಿದ್ದು ಸತ್ತವಳು, ಇನ್ನೂ ಸಣ್ಣ ವಯಸ್ಸು ಎಂದು ಡಾಕ್ಟರು ಹೇಳಿದ್ದರು. ಮುಖ ಉಳಿದಿರಲಿಲ್ಲ. ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಬಳೆಯಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ. ಪೊಲೀಸರು ಅಲ್ಲಿಯೇ ಮಣ್ಣು ಮಾಡಿಸಿ, ಕೌದಿಯನ್ನು ಠಾಣೆಯ ಕೋಣೆಯಲ್ಲಿ ಇಟ್ಟರು. ಕೇಸು ತಣ್ಣಗಾಯಿತು.

ಯಾರೂ ಬರದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೌದಿಯ ಒಂದು ಮೂಲೆಯನ್ನು ಬಿಚ್ಚಿದಾಗ ಒಳಗಿನಿಂದ ಕರಿದಾರ ಸುತ್ತಿದ ಅರಿಶಿನದ ಕೊಂಬು ಬಿದ್ದಿತ್ತು. ಮಾಟ ಮಾಡಿಸಿ ಕೊಂದಿದ್ದಾರೆ ಎಂದು ಸುದ್ದಿ ಹಬ್ಬಿತು. ಬಾಯಿಂದ ಬಾಯಿಗೆ ಹೋಗುತ್ತ ಕೊಂಬು ನಿಂಬೆಹಣ್ಣು, ಸೂಜಿಯಾಯಿತು. ಕಾಲುವೆಯ ಆ ತಿರುವಿನಲ್ಲಿ ದನಗಳಿಗೆ ನೀರು ಕುಡಿಸುವುದನ್ನೂ ಜನ ಬಿಟ್ಟರಂತೆ. ಮಾಟದ ಹೆಣಕ್ಕೆ ಸಂಬಂಧ ಹೇಳಿಕೊಂಡು ಯಾರು ಹೋಗುತ್ತಾರೆ?

ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬ ಆ ಠಾಣೆಯಲ್ಲಿ ಪೊಲೀಸನಾಗಿದ್ದ. ಸಾಹೇಬರ ಒಪ್ಪಿಗೆ ಕೇಳಿ ಕೌದಿಯ ಫೋಟೋ ತೆಗೆಯಲು ಬಿಟ್ಟಿದ್ದ. ಮುಖವೇ ಇಲ್ಲವಾದ್ದರಿಂದ ಮಾಸ್ತರರು ಆಕೆಯ ಬೆನ್ನಿನ ಚಿತ್ರ ಬರೆದಿದ್ದರು: ಕೌದಿ ಹೊದ್ದು ಅತ್ತ ತಿರುಗಿ ಕೂತ ಒಬ್ಬ ಹೆಣ್ಣುಮಗಳು. ಅದನ್ನು ನೋಡಿ ನನಗೆ ನಗುವೇ ಬಂತು. “ಬೆನ್ನ ನೋಡಿ ಯಾರ್ ಗುರ್ತ ಹಿಡೀತಾರ ಮಾಸ್ತರ?” ಎಂದೆ.

“ಬೆನ್ನ ಬಿಡ್ರಿ, ಕೌದಿ ನೋಡ್ರಿ. ನೀವು ಹೆಣ್ಮಕ್ಳು. ಹೊಲಿಗಿ ನೋಡಿ ಯಾವ ಕಡೀದು ಅಂತ ಹೇಳಾಕ ಬರ್ತೈತೇನ್ರಿ?” ಎಂದು ಫೋನನ್ನು ನನ್ನ ಮುಂದೆ ಹಿಡಿದರು.

ಮೊದಲ ಫೋಟೋದಲ್ಲಿ ಏನೂ ತಿಳಿಯಲಿಲ್ಲ. ಬಣ್ಣವೆಲ್ಲ ಹೋಗಿ ಕೆಸರಿನ ಬಣ್ಣವೇ ಉಳಿದಿತ್ತು. ಎರಡನೆಯದು ಮೂಲೆಯ ಫೋಟೋ. ಬಿಚ್ಚಿದ ಹೊಲಿಗೆ, ಪಕ್ಕದಲ್ಲಿ ಕಾಗದದ ಮೇಲೆ ಇಟ್ಟ ಕೊಂಬು, ಅದರ ನಡುವಿಗೆ ಬಿಗಿಯಾಗಿ ಸುತ್ತಿದ ಕರಿದಾರ. ಚಹಾ ಸೀರೆಯ ಮೇಲೆ ಚೆಲ್ಲಿತು.

ನಮ್ಮ ಕಡೆ ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿಯಿದೆ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಸುತ್ತ ಹೊಲಿಯುತ್ತ ಬಂದು, ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆಯನ್ನೋ ಸಕ್ಕರೆ ಹಾಕಿದ ಚಪಾತಿಯನ್ನೋ ಇಡುತ್ತಾರೆ. ಅದು ಕೌದಿಯ ಹೊಟ್ಟೆ ತುಂಬಿಸುವುದು. ಹಸಿದ ಕೌದಿಯನ್ನು ಯಾರಿಗೂ ಕೊಡಬಾರದು. ನಮ್ಮವ್ವನೂ ಹಾಗೆಯೇ ಮಾಡುತ್ತಿದ್ದಳು. ಆದರೆ ಒಮ್ಮೆ ಹೋಳಿಗೆಯ ವಾಸನೆಗೆ ಇಲಿಗಳು ಬಂದು, ಹೊಸ ಕೌದಿಯ ಮೂಲೆಯನ್ನು ಕಡಿದು ಹಾಕಿದವು. ಅವ್ವನ ಸಿಟ್ಟು ನೆತ್ತಿಗೇರಿತು. ಅಂದಿನಿಂದ ಹೋಳಿಗೆಯ ಬದಲು ಅರಿಶಿನದ ಕೊಂಬು ಇಡತೊಡಗಿದಳು. ದೃಷ್ಟಿ ತಾಗದಿರಲಿ ಎಂದು ಅದಕ್ಕೆ ಕರಿದಾರ ಸುತ್ತುತ್ತಿದ್ದಳು. ಓಣಿಯ ಹೆಂಗಸರು “ಇದೇನ್ ಹೊಸಾ ಶಾಸ್ತ್ರ ತೆಗದಿ?” ಎಂದು ನಕ್ಕರೆ, “ನಿಮ್ಮ ಕೌದಿ ಇಲಿ ಉಣ್ಣಲಿ, ನನ್ನ ಕೌದಿ ಮನಷ್ಯಾ ಹೊದಿಲಿ,” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹಾಗೆ ಮಾಡುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

“ಏನಾತ್ರಿ ಬಾಯಾರ?” ಎಂದರು ಮಾಸ್ತರರು. “ಚಾ ಸುಡಾಕತ್ತಿತ್ರಿ,” ಎಂದೆ. ಅದು ಆರಿ ತಣ್ಣಗಾದ ಚಹಾ.

ಮುಂದಿನ ತಾಸು ಪಾಠ ಮಾಡುವಾಗ ಹಲಗೆಯ ಮೇಲೆ ಏನು ಬರೆದೆನೋ ನನಗೆ ಗೊತ್ತಿಲ್ಲ. ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಕೊಂಬು ಇಡಲು ಶುರು ಮಾಡಿದ ಮೇಲೆ ಅವ್ವ ಹೊಲಿದದ್ದು ಮಕ್ಕಳಿಗೂ ತನ್ನ ತಂಗಿಗೂ ಮಾತ್ರ. ಹೊರಗಿನವರಿಗೆ ಒಂದನ್ನೂ ಕೊಟ್ಟದ್ದು ಕೇಳಿರಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಅಂದ ಮೇಲೆ ಸತ್ತವಳು ನಮ್ಮವಳಲ್ಲ. ಕೌದಿ ಮಾತ್ರ ನಮ್ಮದು. ಅಂದರೆ, ಅದರಲ್ಲಿ ಆಕೆಯನ್ನು ಸುತ್ತಿದ ಕೈ ನಮ್ಮದು.

ಸಂಜೆ ಮನೆಗೆ ಹೋದವಳೇ ಟ್ರಂಕಿನಿಂದ ನನ್ನ ಕೌದಿಯನ್ನು ತೆಗೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗಾಯಿತು ನನ್ನ ಕಥೆ. ನಾನು ಯಾರನ್ನೂ ಕೊಂದಿಲ್ಲ ಎಂದು ನನಗೆ ಗೊತ್ತು. ಆದರೂ ಬೆರಳಿಗೆ ಗಟ್ಟಿಯಾಗಿ ಕೊಂಬು ಸಿಗುವವರೆಗೆ ಉಸಿರು ಬಿಡಲಿಲ್ಲ. ಅಣ್ಣನಿಗೆ ಕೊಟ್ಟದ್ದು ಊರಲ್ಲಿ ಅವ್ವನ ಮಂಚದ ಮೇಲೆಯೇ ಇದೆ, ದೀಪಾವಳಿಗೆ ಹೋದಾಗ ಹೊದ್ದು ಮಲಗಿದ್ದೆ. ಉಳಿದವು ಮೂರು ಮನೆ. ನಿಪ್ಪಾಣಿಯಲ್ಲಿ ಅಕ್ಕ, ರಾಯಬಾಗದಲ್ಲಿ ಮಾವಶಿ ಅಂದರೆ ಅವ್ವನ ತಂಗಿ, ಅಥಣಿಯಲ್ಲಿ ತಮ್ಮ.

ಅವ್ವನನ್ನೇ ನೇರವಾಗಿ ಕೇಳಬಹುದಿತ್ತಲ್ಲ ಎಂದರೆ, ಅವ್ವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಮಂಗಸೂಳಿಯ ಹತ್ತಿರದ ನಮ್ಮೂರಿನಲ್ಲಿ ಬೆಳಿಗ್ಗೆ ಅವ್ವನಿಗೆ ಹೇಳಿದ್ದು ಮಧ್ಯಾಹ್ನ ಕಾಗವಾಡದ ಸಂತೆಯಲ್ಲಿರುತ್ತದೆ. ಇನ್ನೊಂದು, ನಿಜವಾದ ಕಾರಣ: ನನಗೆ ತಮ್ಮನ ಹೆದರಿಕೆ. ತಮ್ಮನ ಮೇಲಿನ ಹೆದರಿಕೆಯಲ್ಲ, ತಮ್ಮನಿಗಾಗಿ. ಅವನು ಅಥಣಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಸಾಗಿಸುವವನು. ಕಡಿಯುವ ಗ್ಯಾಂಗುಗಳನ್ನು ಮಹಾರಾಷ್ಟ್ರದಿಂದ ಕರೆತರುವವನೂ ಅವನೇ. ಸಿಟ್ಟಿನಲ್ಲಿ ನನ್ನ ತಮ್ಮನೇ ಸರಿ. ಒಮ್ಮೆ ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾದಿಂದ ಡ್ರೈವರನ ಹಣೆ ಒಡೆದು, ಆಮೇಲೆ ತಾನೇ ಎತ್ತಿಕೊಂಡು ದವಾಖಾನೆಗೆ ಓಡಿದ್ದ. ಆ ಹಣೆಯಲ್ಲಿ ಪಾನಾ ಇನ್ನೊಂದು ಬೆರಳು ಆಚೆ ಬಿದ್ದಿದ್ದರೆ? ತಲೆಗೆ ಪೆಟ್ಟು ಬಿದ್ದು ಸತ್ತವಳು ಎಂದು ಮಾಸ್ತರರು ಹೇಳಿದಾಗಿನಿಂದ ನನ್ನ ಕಣ್ಣ ಮುಂದೆ ಆ ಪಾನಾ ಕುಣಿಯುತ್ತಿತ್ತು.

ಮೊದಲು ನಿಪ್ಪಾಣಿಗೆ ಹೋದೆ. ಅಕ್ಕನ ಮನೆಯವರದು ತಂಬಾಕಿನ ವ್ಯಾಪಾರ. ಬಾಗಿಲಲ್ಲಿಯೇ ಘಾಟಿಗೆ ಸೀನು ಬರುತ್ತದೆ. ಶಾಲೆಯಲ್ಲಿ ಹಳೆಯ ಕೈಕೆಲಸದ ಪ್ರದರ್ಶನ ಇಡುತ್ತಿದ್ದೇವೆ, ಅವ್ವನ ಕೌದಿ ತೋರಿಸು ಎಂದು ಸುಳ್ಳು ಹೇಳಿದೆ. ಆ ಮನೆಯಲ್ಲಿ ಅದಕ್ಕೆ ವಾಕಳ ಎನ್ನುತ್ತಾರೆ. ಅಕ್ಕ ಅಟ್ಟದಿಂದ ಇಳಿಸಿಕೊಟ್ಟಳು. ನಾನು ಒಂದೊಂದೇ ಮೂಲೆ ಹಿಚುಕುತ್ತ ಹೋದೆ.

“ಲೆಕ್ಕದ ಬಾಯಾರು ಏನ್ ಹುಡಕಾಕತ್ತಾರ? ಹೇನ ನೋಡಿದಂಗ ನೋಡಾಕತ್ತಿಯಲ್ಲ!” ಎಂದು ಅಕ್ಕ ನಕ್ಕಳು. ಮೂರನೆಯ ಮೂಲೆಯಲ್ಲಿ ಕೊಂಬು ಸಿಕ್ಕಿತು. ನಾನು ಅಕ್ಕನನ್ನು ತಬ್ಬಿಕೊಂಡೆ. ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಆದರೆ ಬಸ್ಸು ಹತ್ತುವಷ್ಟರಲ್ಲಿ ಆ ಸಮಾಧಾನ ಕರಗಿತ್ತು. ಒಂದು ಮನೆ ನಿರಪರಾಧಿಯಾದಷ್ಟೂ ಅಥಣಿಯ ಮನೆ ನನ್ನ ಹತ್ತಿರ ಬರುತ್ತಿತ್ತು.

ಇತ್ತ ಮಾಸ್ತರರು ಸುಮ್ಮನಿರಲಿಲ್ಲ. ರಜೆಯ ದಿನ ಸ್ಕೂಟರಿನಲ್ಲಿ ಏಕಸಂಬಿ, ಅಕ್ಕೋಳ ಎಂದು ತಿರುಗಿ ಕೌದಿ ಹೊಲಿಯುವವರಿಗೆಲ್ಲ ಫೋಟೋ ತೋರಿಸಿ ಬಂದರು. ಸೋಮವಾರ ಸ್ಟಾಫ್ ರೂಮಿಗೆ ಬಂದವರ ಮುಖ ಹೊಳೆಯುತ್ತಿತ್ತು.

“ಬಾಯಾರ, ಇದು ಮಾಟ ಅಲ್ಲಂತ್ರಿ! ಕೌದಿಗೆ ಉಣಸಿದ್ದಂತ. ಎಲ್ಲಾರೂ ರೊಟ್ಟಿನೋ ಹೋಳಗಿನೋ ಇಡ್ತಾರ, ಕೊಂಬ ಇಟ್ಟಾಕಿ ಯಾರೋ ಒಬ್ಬಾಕೀನ ಇರಬೇಕು ಅಂದ್ರು. ಇನ್ನ ಕಾಗವಾಡ ಕಡೆ ನೋಡೂದ ಉಳದೈತಿ. ನಿಮ್ಮ ತವರು ಅದ ಕಡೆ ಅಲ್ಲೇನ್ರಿ?”

“ಇದ್ರ ಏನಾತೀಗ? ಕಾಗವಾಡದಾಗ ಇದ್ದವರೆಲ್ಲಾ ಖೂನಿ ಮಾಡ್ಯಾರೇನು?” ಎಂದು ಹರಿಹಾಯ್ದೆ. ಇಡೀ ಸ್ಟಾಫ್ ರೂಮು ನನ್ನ ಕಡೆ ತಿರುಗಿತು. ಪಾಪ, ಆ ಮನುಷ್ಯ ಪೆಚ್ಚಾಗಿ ಫೋನನ್ನು ಕಿಸೆಗೆ ಹಾಕಿಕೊಂಡರು.

ಅಂದೇ ಅರ್ಧ ದಿನ ರಜೆ ಹಾಕಿ ರಾಯಬಾಗಕ್ಕೆ ಹೋದೆ. ಬಸ್ಸು ಕಾಲುವೆ ದಾಟುವಾಗ ಕಣ್ಣು ಮುಚ್ಚಿಕೊಂಡೆ. ಮಾವಶಿ ಎಂದಿನಂತೆ “ಬಂದಿ ಏನವ್ವಾ?” ಎಂದು ನೀರು ಕೊಟ್ಟಳು. ಕೌದಿ ಕೇಳಿದೆ. “ಎಲ್ಲೀದ ಕೌದಿ? ಕತ್ತರಿಸಿ ಹಾಕಿದ್ನೆಲ್ಲಾ,” ಎಂದಳು. ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು. ಮಾವಶಿಯ ಇಬ್ಬರು ಮೊಮ್ಮಕ್ಕಳು ಒಂದೇ ಕೌದಿಗೆ ಜಗಳ ತೆಗೆಯುತ್ತಿದ್ದರಂತೆ. ಅದಕ್ಕೆ ಎರಡು ಹೋಳು ಮಾಡಿ ಅಂಚು ಹೊಲಿದು ಕೊಟ್ಟಿದ್ದಳು. ಎರಡನೆಯ ಹೋಳಿನಲ್ಲಿ ಕೊಂಬು ಇತ್ತು. ಮಾವಶಿಗೆ ಏನೂ ಹೇಳದೆ ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಉಳಿದದ್ದು ತಮ್ಮನ ಮನೆಯೊಂದೇ.

ಅಥಣಿಗೆ ಹೋಗಲು ಧೈರ್ಯ ಬರುವುದಕ್ಕೆ ಭಾನುವಾರದವರೆಗೆ ಹಿಡಿಯಿತು. ಅಷ್ಟು ದಿನ ಮನೆಯವರಿಗೆ ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದು ಮನಸ್ಸು ಹೇಳುತ್ತಿತ್ತು: ಹೋಗಬೇಡ, ತಿಳಿಯಬೇಡ, ಸತ್ತವಳು ಯಾರೋ, ಅವಳಿಗಾಗಿ ನಿನ್ನ ತಮ್ಮನನ್ನು ಹಗ್ಗಕ್ಕೆ ಕೊಡುತ್ತೀಯಾ? ಇನ್ನೊಂದು ಮನಸ್ಸು ಏನೂ ಹೇಳುತ್ತಿರಲಿಲ್ಲ. ಬೆನ್ನು ತಿರುಗಿಸಿ ಕೂತ ಆ ಚಿತ್ರವನ್ನು ಮಾತ್ರ ತೋರಿಸುತ್ತಿತ್ತು.

ಹೋದಾಗ ತಮ್ಮ ಮನೆಯಲ್ಲಿರಲಿಲ್ಲ. ತಮ್ಮನ ಹೆಂಡತಿ ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬಾರದವಳು. ಕೌದಿಯ ಮಾತು ತೆಗೆದ ಕೂಡಲೇ ಅವಳ ಮುಖ ಸಣ್ಣದಾಯಿತು.

“ಒಗ್ಯಾಕ ಕೊಟ್ಟೀನ್ರಿ ಅಕ್ಕಾರ,” ಎಂದಳು.

“ಯಾರಿಗೆ ಕೊಟ್ಟಿ? ನಾ ಹೋಗಿ ನೋಡಿ ಬರ್ತೀನಿ.”

ಅವಳು ಸೆರಗಿನ ತುದಿ ಸುತ್ತುತ್ತ ನಿಂತಳು. “ಇಲ್ರಿ, ಅದನ್ನ ಇಲಿ ಕಡದಿದ್ವು, ಒಗದ ಬಿಟ್ವಿ,” ಎಂದಳು. ಎರಡು ಮಾತು, ಎರಡೂ ಸುಳ್ಳು. ನಾನು ಖುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ತಮ್ಮ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಅಕ್ಕಾ, ಯಾವಾಗ ಬಂದಿ? ಫೋನ್ ಮಾಡಿದ್ರ ಸ್ಟ್ಯಾಂಡಿಗೆ ಬರ್ತಿದ್ನೆಲ್ಲ!” ಎಂದು ಬಾಯಿ ತುಂಬ ನಕ್ಕ. ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಕೂತು ಕಬ್ಬು ತಿನ್ನುತ್ತಿದ್ದ ಅದೇ ನಗು. ಹೆಂಡತಿ ಮೆಲ್ಲಗೆ, “ಅವ್ವಾರ ಕೌದಿ ಕೇಳಾಕ ಬಂದಾರ,” ಎಂದಳು. ನಗು ಆರಿತು.

“ಅವ್ವ ಕಳಿಸ್ಯಾಳೇನು ನಿನ್ನ?” ಎಂದ.

“ಇಲ್ಲ. ಕೌದಿ ಎಲ್ಲೈತಿ ಅಷ್ಟ ಹೇಳು.”

“ಆಕಿ ಸುದ್ದಿ ನನ್ನ ಮುಂದ ತೆಗೀಬ್ಯಾಡ ಅಕ್ಕಾ!” ಎಂದು ಟೇಬಲ್ಲಿಗೆ ಗುದ್ದಿದ. ನೀರಿನ ಲೋಟ ಉರುಳಿತು.

ನಾನು ಯಾವ ಆಕೆಯ ಸುದ್ದಿಯನ್ನೂ ತೆಗೆದಿರಲಿಲ್ಲ. ಕೌದಿ ಎಂದಿದ್ದೆ ಅಷ್ಟೇ. ಅವನ ಗುದ್ದಿದ ಕೈಯನ್ನೇ ನೋಡಿದೆ. ದಪ್ಪ ಬೆರಳು, ಉಗುರಿನ ಸಂದಿನಲ್ಲಿ ಗ್ರೀಸು. ಎದ್ದು ಬ್ಯಾಗು ಎತ್ತಿಕೊಂಡು, ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಹೊರಗೆ ಬಂದೆ. “ಅಕ್ಕಾ, ಚಾ ಕುಡದ ಹೋಗು! ಅಕ್ಕಾ!” ಎಂದು ಹಿಂದಿನಿಂದ ಕೂಗುತ್ತಿದ್ದ. ನನ್ನ ತಮ್ಮನಿಂದ ನಾನು ಓಡಿದೆ. ಆಟೋ ಹತ್ತಿದ ಮೇಲೂ ಹಿಂತಿರುಗಿ ಅವನ ಗಾಡಿ ಬರುತ್ತಿದೆಯೇ ಎಂದು ನೋಡಿದೆ.

ಮಂಗಸೂಳಿಯ ಕಡೆಯ ಬಸ್ಸಿನಲ್ಲಿ ಕೂತಾಗ ಫೋನು ಬಡಿದುಕೊಳ್ಳುತ್ತಲೇ ಇತ್ತು. ತಮ್ಮ, ತಮ್ಮ, ತಮ್ಮ. ಎತ್ತಲಿಲ್ಲ. ನಡುವೆ ಮಾಸ್ತರರದೂ ಒಂದು ಬಂತು, ಅದನ್ನೂ ಎತ್ತಲಿಲ್ಲ. ಬಸ್ಸಿನ ತುಂಬ ಮಲ್ಲಯ್ಯನ ಭಕ್ತರು, ಹಣೆಗೆಲ್ಲ ಭಂಡಾರ ಬಳಿದುಕೊಂಡು ಮರಾಠಿಯಲ್ಲಿ ಹಾಡುತ್ತಿದ್ದರು. ಆ ಹಳದಿ ಪುಡಿ ನನ್ನ ತೋಳಿಗೂ ತಾಗಿತು. ಅರಿಶಿನವೆಂದು ಕಂಡದ್ದೇ ಸೆರಗಿನಿಂದ ತಿಕ್ಕಿ ಒರೆಸಿಕೊಂಡೆ. ಅವ್ವನಿಗೆ ಏನೆಂದು ಹೇಳಲಿ? ನಿನ್ನ ಮಗ ಹೀಗೆ ಮಾಡಿದ್ದಾನೆ, ನಿನ್ನ ಕೌದಿಯಲ್ಲೇ ಸುತ್ತಿದ್ದಾನೆ ಎಂದು ಹೆತ್ತವಳಿಗೆ ಹೇಳುವ ಬಾಯಿ ಯಾವುದು?

ಅವ್ವ ಅಂಗಳದಲ್ಲಿ ಕೂತು ಮಣೂಕ ಆರಿಸುತ್ತಿದ್ದಳು. ಅಣ್ಣನ ತೋಟದ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿದ್ದು. ಅಣ್ಣ ತೋಟದಲ್ಲಿದ್ದ, ಅವನ ಹೆಂಡತಿ, ನಮ್ಮ ವೈನಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಅವ್ವನ ಪಕ್ಕದಲ್ಲಿ ಕುಸಿದು ಕೂತೆ. ಸುತ್ತುಬಳಸಿ ಕೇಳುವ ಶಕ್ತಿ ಉಳಿದಿರಲಿಲ್ಲ.

“ಅವ್ವಾ, ತಮ್ಮಗ ಕೊಟ್ಟ ಕೌದಿ ಎಲ್ಲೈತಿ?”

ಅವ್ವ ಮಣೂಕದಿಂದ ಕಣ್ಣೆತ್ತಲಿಲ್ಲ. “ನಾನ ಹೊಳ್ಳಿ ಇಸ್ಕೊಂಡ ಬಂದ್ನೆಲ್ಲಾ. ನಿಮ್ಮ ತಮ್ಮನ ಹೇಣ್ತಿ ಯಾರರ ಕೇಳಿದ್ರ ಏನರ ಸುಳ್ಳ ಹೇಳ್ತಾಳ, ಒಳಗ ಅದಕ್ಕ ಇನ್ನೂ ನನ್ನ ಮ್ಯಾಲ ಮುನಿಸು ಆಕಿಗೆ. ಕೊಟ್ಟದ್ದನ್ನ ಹೊಳ್ಳಿ ಇಸ್ಕೊಂಡು ಗ್ಯಾಂಗಿನಾಕಿಗೆ ಕೊಟ್ರು ಅಂತ.”

“ಯಾವ ಗ್ಯಾಂಗಿನಾಕಿ?”

“ಶೆಡ್ಡಿನಾಗ ಹಡದಾಕಿ,” ಎಂದಳು ಅವ್ವ, ನನಗೆಲ್ಲ ಗೊತ್ತಿದೆ ಎಂಬಂತೆ.

ನನಗೆ ಗೊತ್ತಿರಲಿಲ್ಲ. ಆ ವರ್ಷ ನಾನು ತವರಿಗೆ ಬಂದದ್ದೇ ಕಡಿಮೆ. ಅವ್ವ ಹೇಳಿದಳು. ತಮ್ಮ ಕರೆತಂದ ಗ್ಯಾಂಗು ನಮ್ಮ ಕಬ್ಬು ಕಡಿಯುತ್ತಿತ್ತು. ಹೊಲದಲ್ಲಿ ಜೋಪಡಿ ಹಾಕಿದ್ದರು. ಮೈ ನಡುಗುವ ಚಳಿ. ದಿನ ತುಂಬಿದ ಒಬ್ಬ ಹೆಣ್ಣುಮಗಳು ಕಬ್ಬು ಕಡಿಯುವ ಕೊಯ್ತಾ ಹಿಡಿದವಳು ಹಾಗೆಯೇ ಕಬ್ಬಿನಲ್ಲಿ ಕೂತುಬಿಟ್ಟಳು. ಅವ್ವ ಅವಳನ್ನು ಎಬ್ಬಿಸಿಕೊಂಡು ಬಂದು ಮಣೂಕದ ಶೆಡ್ಡಿನಲ್ಲಿ ಮಲಗಿಸಿದಳು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವವರೆಗೆ ಅವ್ವ ಬಿಸಿನೀರು ಹಾಕಿದಳು, ಕಾರ ಮಾಡಿ ತಿನ್ನಿಸಿದಳು, ಬೆಂಕಿ ಕಾಯಿಸಿದಳು. ಗ್ಯಾಂಗು ರಾಯಬಾಗದ ಕಡೆ ಹೊರಟಾಗ ಬಾಣಂತಿಗೆ ಹೊದಿಯಲು ಗಟ್ಟಿಯಾದದ್ದು ಒಂದೂ ಇರಲಿಲ್ಲ. ಹೊಸದು ಹೊಲಿಯಲು ಸಮಯವಿಲ್ಲ. ಅವ್ವ ಅಥಣಿಗೆ ಹೋಗಿ, ನಿಮಗೆ ರಗ್ಗು ಇದಾವಲ್ಲ ಎಂದು ತಮ್ಮನ ಕೌದಿಯನ್ನೇ ಎತ್ತಿಕೊಂಡು ಬಂದು ಅವಳಿಗೆ ಹೊದಿಸಿ ಕಳಿಸಿದ್ದಳು.

“ಮುಂದ?” ಎಂದೆ.

“ಮುಂದೇನು? ಯುಗಾದಿಗೆ ಕೂಸಿನ ತೋರಸಾಕ ಬರ್ತೀನಿ ಅಂದಾಕಿ ಬರಲಿಲ್ಲ. ನಿಮ್ಮ ತಮ್ಮನ್ನ ಕೇಳಿದ್ರ, ಆಕಿ ಯಾರದೋ ಕೂಡ ಓಡಿ ಹೋದ್ಲಂತ, ಆಕಿ ಗಂಡ ಹೇಳ್ದ ಅಂದ. ನಾ ನಂಬಲಿಲ್ಲ. ಹಸಿ ಬಾಣಂತಿ ಎದೀ ಮ್ಯಾಗಿನ ಕೂಸ ಬಿಟ್ಟು ಓಡ್ತಾಳೇನು? ವರ್ಷಾ ವರ್ಷಾ ಗ್ಯಾಂಗ್ ಬಂದಾಗ ಕೇಳ್ತೀನಿ. ನಿಮ್ಮ ತಮ್ಮಗ ಸಿಟ್ಟು ಬರ್ತೈತಿ. ಅವ್ವಗ ಅರಳುಮರಳು ಅಂತಾನ.”

ನಾನು ಫೋನು ತೆಗೆದು ತಮ್ಮನಿಗೆ ಹಚ್ಚಿದೆ. ಅವನು ಎತ್ತಿದ ಕೂಡಲೇ, ಮಾಸ್ತರರ ಫೋಟೋ, ಕಾಲುವೆ, ಹೆಣ, ಕೌದಿ, ಕೊಂಬು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವ್ವನೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ನೆನಪೇ ಆಗಲಿಲ್ಲ.

“ಅಕ್ಕಾ, ದೇವರಾಣೆ, ನನಗ ಗೊತ್ತಿರಲಿಲ್ಲ,” ಎಂದ. ಅವನು ಅಳುತ್ತಿದ್ದ. ಕಬ್ಬಿನ ಕೆಲಸದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದರೆ ಲೆಕ್ಕಕ್ಕೆ ಒಂದು ಕೊಯ್ತಾ. ಇಬ್ಬರಲ್ಲಿ ಒಬ್ಬರು ಹೋದರೆ ಕೊಯ್ತಾ ಮುರಿದಂತೆ. ಅವಳ ಗಂಡ ಬಂದು ಹೆಂಡತಿ ಓಡಿಹೋದಳು, ನಾನು ಕೂಸನ್ನು ಕರೆದುಕೊಂಡು ಊರಿಗೆ ಹೋಗುತ್ತೇನೆ ಎಂದಾಗ, ತಮ್ಮ ಇನ್ನೊಂದು ಕೊಯ್ತಾ ಎಲ್ಲಿಂದ ತರಲಿ ಎಂದು ಕೂಗಾಡಿದ್ದನೇ ಹೊರತು, ಅವಳನ್ನು ಹುಡುಕಬೇಕೆಂದು ಅನ್ನಿಸಿರಲಿಲ್ಲ. ಅವ್ವ ಪ್ರತಿ ವರ್ಷ ಕೇಳಿದಾಗ ಸಿಟ್ಟು ಬರುತ್ತಿದ್ದದ್ದೂ ಅದಕ್ಕೇ. ಮಾವಶಿಯ ಊರಿನ ಕಾಲುವೆಯಲ್ಲಿ ಮಾಟದ ಹೆಣ ಸಿಕ್ಕ ಸುದ್ದಿ ಅವನೂ ಕೇಳಿದ್ದ. ಮಾಟ ಎಂದ ಮೇಲೆ ಯಾರೋ ಬೇರೆಯವಳು ಎಂದುಕೊಂಡಿದ್ದ.

ನಾನು ಫೋನಿಟ್ಟೆ. ಹೋದ ಜೀವ ಬಂದಂತಾಯಿತು. ಇಷ್ಟು ದಿನ ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಎತ್ತಿದ ಹಾಗೆ. ಕೈ ಮುಗಿದು, “ಸದ್ಯ, ನಮ್ಮವರ ಕೈ ಅಲ್ಲ. ಸತ್ತಾಕೀನೂ ನಮ್ಮಾಕಿ ಅಲ್ಲ,” ಎಂದುಬಿಟ್ಟೆ.

ಅವ್ವ ಮಣೂಕದ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳ ಮೂಗು ಕೆಂಪಾಗಿತ್ತು. ನಮ್ಮ ಮನೆತನದ ಆ ಸಿಟ್ಟು ನನಗೆ ಯಾರಿಂದ ಬಂತೆಂದು ಗೊತ್ತಿದ್ದರೂ, ಅದು ನನ್ನ ಮೇಲೆ ಹಾಗೆ ತಿರುಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ನಮ್ಮಾಕಿ ಅಲ್ಲಂತ ನಿನಗ ಯಾರ್ ಹೇಳಿದ್ರು?” ಎಂದಳು. “ಎದ್ದೇಳು. ನಿನ್ನ ಮಾಸ್ತರಗ ಫೋನ್ ಹಚ್ಚು.”

ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸಿರುವುದಿಲ್ಲ. ಅವ್ವನಿಗೆ ಅವಳ ಹೆಸರೂ ಗೊತ್ತಿತ್ತು, ಅವಳ ತವರಿನ ಹೆಸರೂ ಗೊತ್ತಿತ್ತು. ಬಾಣಂತಿಯರು ಬೆಂಕಿಯ ಮುಂದೆ ಕೂತಾಗ ತವರಿನದೇ ಮಾತಾಡುತ್ತಾರೆ. ಪೊಲೀಸರು ಆ ಊರಿಗೆ ಹೋದರು. ಓಡಿಹೋದ ಮಗಳೆಂದು ಅವಳ ಹೆಸರನ್ನೇ ಎತ್ತದಿದ್ದ ಮನೆಯವರು ಇದ್ದರು. ಅವಳ ಅಕ್ಕ ಬಂದು ರಕ್ತ ಕೊಟ್ಟಳು, ಹೂತಿದ್ದ ಎಲುಬಿನ ಪರೀಕ್ಷೆಗೆ ಅದು ಹೊಂದಿಕೆಯಾಯಿತು. ಗಂಡ ಸಿಕ್ಕಿಲ್ಲ, ಕೂಸೂ ಸಿಕ್ಕಿಲ್ಲ. ಅವನು ಇನ್ನೂ ಎಲ್ಲೋ ಕಬ್ಬು ಕಡಿಯುತ್ತಿರಬಹುದು. ಈಗಲೂ ಸುಗ್ಗಿಯಲ್ಲಿ ಚಿಕ್ಕೋಡಿಯ ರಸ್ತೆಯ ಮೇಲೆ ಗ್ಯಾಂಗಿನ ಟ್ರ್ಯಾಕ್ಟರು ಹೋದರೆ ನಾನು ಗಂಡಸರ ಮುಖ ನೋಡುತ್ತೇನೆ, ಆಮೇಲೆ ಸಣ್ಣ ಹುಡುಗಿಯರ ಮುಖ ನೋಡುತ್ತೇನೆ, ಹೆದರಿ ದಾರಿ ಬಿಟ್ಟು ನಿಲ್ಲುತ್ತೇನೆ.

ಅಂದು ಠಾಣೆಗೆ ನಮ್ಮನ್ನು ಕರೆದೊಯ್ದವನು ತಮ್ಮನೇ. ಮಾಸ್ತರರು ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮೇಲೆ ಹರಿಹಾಯ್ದದ್ದನ್ನು ನೆನೆಯದವರಂತೆ ಅವ್ವನ ಕಾಲಿಗೆ ನಮಸ್ಕಾರ ಮಾಡಿದರು.

ಪೊಲೀಸರು ಕೌದಿಯನ್ನು ತಂದು ಟೇಬಲ್ಲಿನ ಮೇಲೆ ಬಿಚ್ಚಿದರು. ವಾಸನೆಗೆ ನಾನು ಸೆರಗು ಮುಚ್ಚಿಕೊಂಡೆ. ಅವ್ವ ಮುಚ್ಚಿಕೊಳ್ಳಲಿಲ್ಲ. ಅಂಗೈಯಿಂದ ನಿಧಾನಕ್ಕೆ ಸವರಿದಳು, ಮಲಗಿದವರನ್ನು ಎಬ್ಬಿಸುವಾಗ ಸವರುವಂತೆ. ಬಿಚ್ಚಿದ ಮೂಲೆಗೆ ಬಂದಾಗ ಕೈ ನಿಂತಿತು. “ನಂದ ಐತ್ರಿ ಸಾಹೇಬ್ರ,” ಎಂದಳು. ಅವಳ ಹೆಸರು ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆಯಬೇಕಾದಲ್ಲಿ ಬರೆದಾಗಿದೆ.

ಬರೆದುಕೊಳ್ಳುತ್ತಿದ್ದ ಸಾಹೇಬರು ತಲೆಯೆತ್ತದೆ, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು: “ಸತ್ತವರು ನಿಮಗ ಏನಾಗಬೇಕ್ರಿ ಅಮ್ಮಾರ?”

ಅವ್ವ ನನ್ನ ಕಡೆ ನೋಡಲಿಲ್ಲ.

“ಬಾಣಂತನ ಮಾಡೀನ್ರಿ,” ಎಂದಳು. “ಮಗಳು ಅಂತ ಬರ್ಕೋರಿ.”

ಸಾಹೇಬರು ಪೆನ್ನು ಎತ್ತಿ ಹಿಡಿದು, ಹೀಗೆ ಬರೆಯಬಹುದೇ ಎಂಬಂತೆ ನನ್ನ ಮುಖ ನೋಡಿದರು. ನಾನು ಕೌದಿಯ ಇನ್ನೊಂದು ತುದಿ ಹಿಡಿದುಕೊಂಡೆ.

“ಯಾಕ ನಿಂತ್ರಿ ಸಾಹೇಬ್ರ? ಅವ್ವ ಹೇಳಿದ್ದು ಕೇಳಲಿಲ್ಲೇನು?” ಎಂದೆ. “ಬರ್ಕೋರಿ. ನನಗ ತಂಗಿ ಆಗಬೇಕು.”